ಹೆಸರು ಬದಲಿಸಿದವರ ಜಾಡು

ಸಾಮಾಜಿಕ ಜಾಲತಾಣದ ಪ್ರತಿ ಖಾತೆಗೂ ಮೂರು ಗುರುತುಗಳಿರುತ್ತವೆ. ಪ್ರೊಫೈಲ್‌ನ ಮೇಲ್ಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವ ಹೆಸರು ಮೊದಲನೆಯದು. ಅದನ್ನು ಕನ್ನಡದಲ್ಲಾದರೂ ಬರೆಯಬಹುದು, ಇಂಗ್ಲಿಷಿನಲ್ಲಾದರೂ ಬರೆಯಬಹುದು, ಒಂದೇ ಹೆಸರನ್ನು ಸಾವಿರ ಮಂದಿ ಇಟ್ಟುಕೊಂಡರೂ ಅಡ್ಡಿಯಿಲ್ಲ. ಯೂಸರ್‌ನೇಮ್ ಅಥವಾ ಹ್ಯಾಂಡಲ್ ಎಂದು ಕರೆಯುವ, ಹುಡುಗರ ಬಾಯಲ್ಲಿ ಬರೀ ‘ಐಡಿ’ ಆಗಿರುವ ವಿಳಾಸ ಎರಡನೆಯದು. ಇದು ಒಂದು ತಾಣದಲ್ಲಿ ಒಂದು ಕಾಲಕ್ಕೆ ಒಬ್ಬರಿಗೆ ಮಾತ್ರ ಸಿಗುತ್ತದೆ, ಲಿಂಕ್‌ನ ಭಾಗವಾಗಿರುತ್ತದೆ, ಇನ್ನೊಬ್ಬರು ಹೆಸರಿಸಿ ಕರೆಯುವಾಗ ಬಳಕೆಗೆ ಬರುತ್ತದೆ. ಮೂರನೆಯದು ಬಳಕೆದಾರರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಉದ್ದನೆಯ ಸಂಖ್ಯೆ. ಖಾತೆ ತೆರೆದಾಗ ಕಂಪನಿಯ ಕಂಪ್ಯೂಟರ್ ಕೊಡುವ ಈ ಸಂಖ್ಯೆ ಖಾತೆ ಇರುವ ತನಕ ಹಾಗೆಯೇ ಉಳಿಯುತ್ತದೆ. ಸ್ನೇಹಿತರ ಪಟ್ಟಿ, ಹಾಕಿದ ಚಿತ್ರಗಳು, ಖಾಸಗಿ ಸಂದೇಶಗಳು ಎಲ್ಲವೂ ಒಳಗೊಳಗೆ ಈ ಸಂಖ್ಯೆಗೆ ಜೋಡಣೆಯಾಗಿರುವುದರಿಂದ, ಮೇಲಿನ ಎರಡು ಗುರುತುಗಳನ್ನು ಎಷ್ಟು ಬಾರಿ ಬದಲಿಸಿದರೂ ಖಾತೆ ಚದುರಿ ಹೋಗುವುದಿಲ್ಲ.

ಬೆಂಗಳೂರು ಗ್ರಾಮಾಂತರದ ಓದುಗರಿಗೆ ಈ ಏರ್ಪಾಡು ಪಹಣಿಯ ಮೂಲಕ ಬೇಗ ಅರ್ಥವಾಗುತ್ತದೆ. ಜಮೀನಿನ ಸರ್ವೆ ನಂಬರ್ ಒಂದೇ ಇದ್ದು, ಒಂಬತ್ತನೇ ಕಾಲಂನಲ್ಲಿನ ಮಾಲೀಕರ ಹೆಸರು ಕ್ರಯದಿಂದಲೋ ವಿಭಾಗದಿಂದಲೋ ಪೌತಿ ಖಾತೆಯಿಂದಲೋ ಬದಲಾಗುತ್ತ ಹೋಗುತ್ತದೆ. ಪೋಡಿಯಾದಾಗ ಹಿಸ್ಸಾ ಸಂಖ್ಯೆಗಳು ಸೇರಿಕೊಂಡರೂ ಮೂಲ ನಂಬರಿನ ಜಾಡು ತಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರ್: ಯಾರ ಹೆಸರು ಹೋಗಿ ಯಾರ ಹೆಸರು ಯಾವ ಆಧಾರದ ಮೇಲೆ ಬಂತು ಎಂಬುದನ್ನು ಅದು ದಾಖಲಿಸಿ ಇಡುತ್ತದೆ, ಮತ್ತು ದೇವನಹಳ್ಳಿಯಲ್ಲಿ ನಿವೇಶನ ಕೊಳ್ಳಲು ಹೊರಟ ಯಾರೂ ಆ ದಾಖಲೆಯನ್ನು ನೋಡದೆ ಮುಂಗಡ ಕೊಡುವುದಿಲ್ಲ. ಜಾಲತಾಣಗಳಲ್ಲಿ ಸರ್ವೆ ನಂಬರಿನಂಥ ಸಂಖ್ಯೆ ಇದೆ, ಆದರೆ ಸಾರ್ವಜನಿಕರು ನೋಡಬಹುದಾದ ಎಂ.ಆರ್. ಬಹುಮಟ್ಟಿಗೆ ಇಲ್ಲ. ಹೆಸರು ಬದಲಿಸಿದವರನ್ನು ಹುಡುಕುವ ಕಷ್ಟವೆಲ್ಲ ಈ ಕೊರತೆಯಿಂದ ಹುಟ್ಟುತ್ತದೆ. ಈ ಕೊರತೆ ಯಾರ ವಿಷಯದಲ್ಲಿ ದೋಷ, ಯಾರ ವಿಷಯದಲ್ಲಿ ರಕ್ಷಣೆ ಎಂಬುದನ್ನು ಬಿಡಿಸಿ ನೋಡದೆ ಪರಿಹಾರ ಹೇಳಲಾಗದು.

ಈ ಪ್ರಶ್ನೆ ಇದೇ ಜಿಲ್ಲೆಯಲ್ಲಿ ಚರ್ಚೆಗೆ ಬರಲು ಪ್ರತ್ಯೇಕ ಕಾರಣವೂ ಇದೆ. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಅದಕ್ಕೆ ಕೆಲವು ವಾರಗಳ ಹಿಂದೆ, ಮೇ ತಿಂಗಳಲ್ಲಿ, ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಗಿತ್ತು. ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ನಗರ ಮತ್ತು ಗ್ರಾಮಾಂತರ ಎಂದು ಒಡೆದಾಗ ಹುಟ್ಟಿದ ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಇಳಿಯಿತು. ಆದರೂ ‘ಬೆಂಗಳೂರು ಗ್ರಾಮಾಂತರ’ ಎಂದು ಹುಡುಕುವವರಿಗೆ ಮೊದಲು ಎದುರಾಗುವುದು ಅನೇಕ ಸಲ ಅದೇ ಹೆಸರಿನ ಲೋಕಸಭಾ ಕ್ಷೇತ್ರ. ಕನಕಪುರ, ಮಾಗಡಿ, ಕುಣಿಗಲ್, ಆನೇಕಲ್‌ಗಳನ್ನು ಒಳಗೊಂಡ ಆ ಕ್ಷೇತ್ರದಲ್ಲಿ ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಇಲ್ಲ. ಅವು ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಬೆಂಗಳೂರು ಉತ್ತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೂ ಈಗಾಗಲೇ ಇದೆ, ಅದೂ ಬೇರೆಯದೇ ಪ್ರದೇಶ. ಹೀಗೆ ಒಂದು ಗೊಂದಲದಿಂದ ಹೊರಬಂದ ಜಿಲ್ಲೆ ಇನ್ನೊಂದಕ್ಕೆ ಕಾಲಿಡುವ ಹೊತ್ತಿನಲ್ಲಿ, ಅದರ ಕಚೇರಿಗಳ ಜಾಲತಾಣ ಖಾತೆಗಳನ್ನು ಜನ ಹೇಗೆ ಪತ್ತೆ ಮಾಡಬೇಕೆಂಬುದು ಸಣ್ಣ ಸಂಗತಿಯಲ್ಲ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯಬೇಕೆಂಬ ನಿರ್ಧಾರ 2014ರ ನವೆಂಬರ್ 1ರಂದು ಜಾರಿಗೆ ಬಂದರೂ, ಜಿಲ್ಲಾಡಳಿತದ ವೆಬ್ ವಿಳಾಸ ‘ಬ್ಯಾಂಗಲೋರ್‌ರೂರಲ್’ ಎಂಬ ಹಳೆಯ ರೂಪದಲ್ಲಿಯೇ ಮುಂದುವರಿದದ್ದನ್ನು ಇಲ್ಲಿ ನೆನೆಯಬಹುದು. ನೋಟಕ್ಕೆ ಇದು ಅಲಕ್ಷ್ಯದಂತೆ ಕಂಡರೂ ಹಳೆಯ ಲಿಂಕ್‌ಗಳು ಮುರಿಯದೆ ಉಳಿದದ್ದು ಅದರಿಂದಲೇ.

ಹೆಸರು ಬದಲಾಗುವುದು ಈ ನೆಲಕ್ಕೆ ಹೊಸದೇನಲ್ಲ. ಟಿಪ್ಪು ತಾನು ಹುಟ್ಟಿದ ದೇವನಹಳ್ಳಿಗೆ ಯೂಸುಫಾಬಾದ್ ಎಂದು ಹೆಸರಿಟ್ಟರೂ ಅದು ಜನರ ಬಾಯಲ್ಲಿ ನಿಲ್ಲಲಿಲ್ಲ. ಒಂದು ಕಾಲಕ್ಕೆ ಇದೇ ಜಿಲ್ಲೆಯಲ್ಲಿದ್ದ ರಾಮನಗರ ಶಂಸೇರಾಬಾದ್ ಆಗಿ, ಕ್ಲೋಸ್‌ಪೇಟೆಯಾಗಿ, ರಾಮನಗರವಾಗಿ ಬಂದ ಊರು. ಕ್ಲೋಸ್‌ಪೇಟೆ ಎಂಬ ಹೆಸರು ಈಗ ಉಳಿದಿರುವುದು ಅಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಕೊಟ್ಟ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಹೆಸರಿನಲ್ಲಿ. ವಿದ್ವಾಂಸರು ಈ ಸಮಸ್ಯೆಯನ್ನು ಅಂತರ್ಜಾಲಕ್ಕಿಂತ ಬಹಳ ಮೊದಲೇ ಎದುರಿಸಿದ್ದರು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂದು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕೇತಾಕ್ಷರ ಮತ್ತು ಕ್ರಮಸಂಖ್ಯೆಯನ್ನು ಕೊಟ್ಟಿತು. ಕಲ್ಲು ನಿಂತ ಹಳ್ಳಿಯ ಹೆಸರಿನ ಕಾಗುಣಿತ ಬದಲಾಗಲಿ, ಹಳ್ಳಿಯೇ ಬಡಾವಣೆಯಾಗಿ ಕರಗಲಿ, ದೇವನಹಳ್ಳಿಯ ಇಷ್ಟನೆಯ ಶಾಸನ ಎಂದರೆ ಸಂಶೋಧಕರಿಗೆ ಇಂದಿಗೂ ತಿಳಿಯುತ್ತದೆ. ರೈಲ್ವೆಯಲ್ಲೂ ಹೀಗೆಯೇ ಆಯಿತು: ಬೆಂಗಳೂರು ಸಿಟಿ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾದ ಮೇಲೂ ಅದರ ಸಂಕೇತ ಎಸ್‌ಬಿಸಿಯಾಗಿಯೇ ಇದ್ದುದರಿಂದ ಟಿಕೆಟ್ ತೆಗೆಯುವವರು ದಾರಿ ತಪ್ಪಲಿಲ್ಲ.

ಸಂಕೇತವೇ ಕೈ ಬದಲಾಯಿಸಿದ ಉದಾಹರಣೆಯೂ ಜಿಲ್ಲೆಯಲ್ಲಿಯೇ ಇದೆ. ಬಿಎಲ್‌ಆರ್ ಎಂಬ ಮೂರಕ್ಷರದ ಸಂಕೇತ 2008ರ ಮೇ ತಿಂಗಳ ತನಕ ಎಚ್‌ಎಎಲ್ ವಿಮಾನ ನಿಲ್ದಾಣದ್ದಾಗಿತ್ತು; ದೇವನಹಳ್ಳಿಯ ಹೊಸ ನಿಲ್ದಾಣ ಆ ತಿಂಗಳ 24ರಂದು ಕೆಲಸ ಆರಂಭಿಸಿದಾಗ ಸಂಕೇತ ಇಲ್ಲಿಗೆ ಬಂತು, ಮತ್ತು 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟಾಗ ಸಂಕೇತ ಬದಲಾಗಲಿಲ್ಲ. 2007ರ ದಾಖಲೆಯೊಂದರಲ್ಲಿ ಬಿಎಲ್‌ಆರ್ ಎಂದಿದ್ದರೆ ಅದು ದೇವನಹಳ್ಳಿಯಲ್ಲ ಎಂದು ತಿಳಿಯಲು ಕಾಲವನ್ನೂ ಗಮನಿಸಬೇಕಾಗುತ್ತದೆ. ಯೂಸರ್‌ನೇಮ್‌ಗಳ ಸ್ವಭಾವ ಸರಿಯಾಗಿ ಇದೇ: ಹೆಸರೊಂದನ್ನು ಕಂಡಾಗ ಅದು ಯಾರದು ಎಂದು ಕೇಳಿದರೆ ಸಾಲದು, ಯಾವ ದಿನಾಂಕದಂದು ಯಾರದಾಗಿತ್ತು ಎಂದೂ ಕೇಳಬೇಕು.

ಕೊಂಡಿ ಎಲ್ಲಿ ಉಳಿದಿರುತ್ತದೆ

ಹುಡುಕುವ ಕೆಲಸಕ್ಕೆ ಎಕ್ಸ್, ಅಂದರೆ 2023ರ ಜುಲೈವರೆಗೆ ಟ್ವಿಟರ್ ಎಂಬ ಹೆಸರಿನಲ್ಲಿದ್ದ ತಾಣ, ಒಳ್ಳೆಯ ಪಾಠಶಾಲೆ. ಅಲ್ಲಿನ ಪೋಸ್ಟ್‌ನ ಲಿಂಕ್‌ನಲ್ಲಿ ಮೊದಲು ತಾಣದ ಹೆಸರು, ಆಮೇಲೆ ಬರೆದವರ ಯೂಸರ್‌ನೇಮ್, ಅದರ ಮುಂದೆ ‘ಸ್ಟೇಟಸ್’ ಎಂಬ ಪದ, ಕೊನೆಯಲ್ಲಿ ಉದ್ದನೆಯ ಸಂಖ್ಯೆ ಇರುತ್ತವೆ. ನೋಡುವವರಿಗೆ ಯೂಸರ್‌ನೇಮ್ ಮುಖ್ಯವೆಂದು ತೋರಿದರೂ ತಾಣ ಪೋಸ್ಟನ್ನು ಹುಡುಕುವುದು ಕೊನೆಯ ಸಂಖ್ಯೆಯಿಂದ ಮಾತ್ರ. ಹೀಗಾಗಿ ಮೂರು ವರ್ಷದ ಹಿಂದೆ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್‌ನಲ್ಲಿ ಹಳೆಯ ಯೂಸರ್‌ನೇಮ್ ಇದ್ದರೂ, ಪೋಸ್ಟನ್ನು ಅಳಿಸದೆ ಇದ್ದರೆ, ಲಿಂಕ್ ತೆರೆದಾಗ ತಾಣ ತಾನಾಗಿಯೇ ಈಗಿನ ಯೂಸರ್‌ನೇಮ್ ಇರುವ ಪುಟಕ್ಕೆ ಕೊಂಡೊಯ್ಯುತ್ತದೆ. ನಡುವಿನ ಹೆಸರಿನ ಜಾಗದಲ್ಲಿ ಸಂಬಂಧವಿಲ್ಲದ ಅಕ್ಷರಗಳನ್ನು ತುಂಬಿದರೂ ಫಲ ಒಂದೇ. 2010ರಿಂದ ಟ್ವಿಟರ್ ಅಳವಡಿಸಿಕೊಂಡ ಸ್ನೋಫ್ಲೇಕ್ ಎಂಬ ಪದ್ಧತಿಯಂತೆ ಈ ಸಂಖ್ಯೆಯೊಳಗೆ ಪೋಸ್ಟ್ ಹಾಕಿದ ಸಮಯ ಮಿಲಿಸೆಕೆಂಡಿನವರೆಗೆ ಅಡಕವಾಗಿರುತ್ತದೆ, ಆದ್ದರಿಂದ ಪುಟ ಮರೆಯಾದ ಮೇಲೂ ಸಂಖ್ಯೆಯಿಂದ ಕಾಲವನ್ನು ಲೆಕ್ಕ ಹಾಕಬಹುದು. ಇದಕ್ಕೆ ವಿರುದ್ಧವಾಗಿ, ಪೋಸ್ಟ್‌ಗಳ ಪಠ್ಯದೊಳಗೆ ಅಟ್ ಚಿಹ್ನೆಯೊಂದಿಗೆ ಬರೆದ ಹಳೆಯ ಹೆಸರು ಬರೀ ಅಕ್ಷರವಾಗಿ ಉಳಿದುಬಿಡುತ್ತದೆ. ಅದನ್ನು ಒತ್ತಿದರೆ ಖಾಲಿ ಪುಟವೋ ಆ ಹೆಸರನ್ನು ಈಗ ಹಿಡಿದಿರುವ ಅಪರಿಚಿತರ ಪುಟವೋ ತೆರೆಯುತ್ತದೆ. ಒಂದೇ ತಾಣದ ಒಳಗೆ ಒಂದು ಕೊಂಡಿ ಭದ್ರವಾಗಿದ್ದು ಇನ್ನೊಂದು ಕಳಚಿ ಬೀಳುವುದಕ್ಕೆ ಕಾರಣ, ಒಂದು ಸಂಖ್ಯೆಗೆ ಕಟ್ಟಿದ್ದು, ಇನ್ನೊಂದು ಹೆಸರಿಗೆ ಕಟ್ಟಿದ್ದು.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ತಾಣಗಳಲ್ಲಿಯೂ ಹುಡುಕಬೇಕಾದ ಜಾಗ ತಾನಾಗಿ ಗೊತ್ತಾಗುತ್ತದೆ. ಸಂಖ್ಯೆಗೆ ಕಟ್ಟಿದ ಕೊಂಡಿಗಳಲ್ಲಿ ಅತ್ಯಂತ ಗಟ್ಟಿಯಾದುದು ಹಿಂದೊಮ್ಮೆ ನಡೆದ ಖಾಸಗಿ ಸಂದೇಶಗಳ ಸರಣಿ. ಇನ್‌ಸ್ಟಾಗ್ರಾಂನಲ್ಲಿ ಗೆಳತಿಯೊಬ್ಬಳ ಹಳೆಯ ಯೂಸರ್‌ನೇಮ್ ಹಾಕಿ ಹುಡುಕಿದಾಗ ಏನೂ ಸಿಗದಿದ್ದರೂ, ಇನ್‌ಬಾಕ್ಸ್‌ನಲ್ಲಿ ಕೆಳಕ್ಕೆ ಇಳಿದು ಆಕೆಯೊಂದಿಗೆ ಆಡಿದ ಮಾತಿನ ಸರಣಿಯನ್ನು ತೆರೆದರೆ ತಲೆಬರಹದಲ್ಲಿ ಹೊಸ ಹೆಸರು ಕಾಣುತ್ತದೆ. ತಾನು ಅನುಸರಿಸುತ್ತಿರುವವರ ಪಟ್ಟಿ, ಇಬ್ಬರಿಗೂ ಪರಿಚಯವಿರುವವರ ಪಟ್ಟಿ, ಮದುವೆ ಮನೆಯ ಫೋಟೊದಲ್ಲಿ ಮುಖದ ಮೇಲೆ ಹಾಕಿದ ಟ್ಯಾಗ್ ಇವು ಕೂಡ ಹೆಸರಿನೊಂದಿಗೆ ನವೀಕರಣಗೊಳ್ಳುತ್ತವೆ. ಮದುವೆಯ ಬಳಿಕ ಹೆಸರಿನ ಕೊನೆಯ ಭಾಗ ಬದಲಿಸಿಕೊಂಡ ಸಹಪಾಠಿಗಳನ್ನು ಹುಡುಕುವವರಿಗೆ ಫೇಸ್‌ಬುಕ್ ಇನ್ನೊಂದು ದಾರಿ ಇಟ್ಟಿದೆ: ಖಾತೆದಾರರು ಬಯಸಿದರೆ ತವರಿನ ಹೆಸರನ್ನೋ ಅಡ್ಡಹೆಸರನ್ನೋ ‘ಇತರ ಹೆಸರು’ಗಳಾಗಿ ಸೇರಿಸಬಹುದು. ಬಯಸಿದರೆ ಎಂಬ ಷರತ್ತು ಅಲ್ಲಿ ಇರುವುದು ಸರಿಯಾಗಿಯೇ ಇದೆ.

ಎಂ.ಆರ್. ದಾಖಲೆಗೆ ಹತ್ತಿರವಾದುದು ಇರುವುದು ಫೇಸ್‌ಬುಕ್‌ನ ಪೇಜ್‌ಗಳಲ್ಲಿ. ವ್ಯಕ್ತಿಯ ಖಾತೆಗಿಂತ ಭಿನ್ನವಾಗಿ ಅಂಗಡಿ, ಸಂಘ, ಪತ್ರಿಕೆಗಳು ನಡೆಸುವ ಪೇಜ್‌ಗಳ ‘ಪಾರದರ್ಶಕತೆ’ ಎಂಬ ವಿಭಾಗವನ್ನು ತೆರೆದರೆ ಪೇಜ್ ಆರಂಭವಾದ ದಿನ ಮತ್ತು ಅದು ಹಿಂದೆ ಹೊತ್ತಿದ್ದ ಹೆಸರುಗಳು ದಿನಾಂಕಸಮೇತ ದೊರೆಯುತ್ತವೆ. 2018ರಿಂದ ಬಂದ ಈ ಸೌಲಭ್ಯವನ್ನು ಬಳಸುವವರು ತೀರ ಕಡಿಮೆ. ಇನ್‌ಸ್ಟಾಗ್ರಾಂನ ‘ಈ ಖಾತೆಯ ಬಗ್ಗೆ’ ಎಂಬ ಭಾಗದಲ್ಲಿ ಸೇರಿದ ತಿಂಗಳು ಮತ್ತು ಹಿಂದೆ ಎಷ್ಟು ಹೆಸರುಗಳಿದ್ದವು ಎಂಬ ಸಂಖ್ಯೆ ಕಾಣಬಹುದು. ಎಕ್ಸ್ ಕೂಡ 2025ರ ನವೆಂಬರ್‌ನಲ್ಲಿ ಇಂಥದೇ ಪುಟವನ್ನು ಆರಂಭಿಸಿ, ಯೂಸರ್‌ನೇಮ್ ಎಷ್ಟು ಸಲ ಬದಲಾಗಿದೆ, ಕೊನೆಯ ಬಾರಿ ಯಾವಾಗ ಎಂಬುದನ್ನು ತೋರಿಸತೊಡಗಿತು. ಎಷ್ಟು ಸಲ ಎಂದು ಹೇಳಿ ಏನು ಎಂದು ಹೇಳದಿರುವ ಈ ಮಧ್ಯಮ ಮಾರ್ಗ ಹುಡುಕುವವರಿಗೆ ಅರ್ಧ ಉತ್ತರದಂತೆ ಕಂಡರೂ, ಎಚ್ಚರಿಕೆಯ ಮಟ್ಟಿಗೆ ಸಾಕಾಗುತ್ತದೆ: ಊರ ಸುದ್ದಿಯ ಹೆಸರಿನಲ್ಲಿ ನಡೆಯುವ ಖಾತೆಯೊಂದು ಐದಾರು ಬಾರಿ ಹೆಸರು ಬದಲಿಸಿದ್ದರೆ, ಅದು ಕೊಡುವ ಸುದ್ದಿಯನ್ನು ಎರಡು ಬಾರಿ ಪರೀಕ್ಷಿಸುವುದು ಒಳಿತು.

ಅಳಿಸಿಹೋದ ಪುಟಗಳಿಗೆ ಇಂಟರ್‌ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆಯ ವೇಬ್ಯಾಕ್ ಮಷಿನ್ ಇದೆ. 1996ರಲ್ಲಿ ಪುಟಗಳ ಪ್ರತಿ ಸಂಗ್ರಹಿಸಲು ಆರಂಭಿಸಿದ ಆ ಸಂಸ್ಥೆ 2001ರಲ್ಲಿ ಸಂಗ್ರಹವನ್ನು ಎಲ್ಲರಿಗೂ ತೆರೆಯಿತು. ಸರ್ಕಾರಿ ಕಚೇರಿಗಳ, ಪತ್ರಿಕೆಗಳ ಹಳೆಯ ಪುಟಗಳಿಗೆ ಅದು ಉಪಯುಕ್ತವಾದರೂ ಸಾಮಾನ್ಯ ಜನರ ಖಾತೆಗಳು ಅಲ್ಲಿ ಸಿಗುವುದು ಅಪರೂಪ.

ವಾಟ್ಸ್‌ಆ್ಯಪ್‌ನಲ್ಲಿ ಗುರುತೆಂದರೆ ಮೊಬೈಲ್ ನಂಬರ್, ಮತ್ತು ಅಲ್ಲಿನ ತೊಡಕು ಇನ್ನೂ ಗಂಭೀರ. ಬಳಕೆ ನಿಂತ ನಂಬರನ್ನು ಕಂಪನಿಗಳು 90 ದಿನಗಳವರೆಗೆ ಬೇರೆಯವರಿಗೆ ಕೊಡುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಇತ್ತ ವಾಟ್ಸ್‌ಆ್ಯಪ್, 45 ದಿನ ಬಳಕೆಯಾಗದ ನಂಬರ್ ಹೊಸ ಫೋನಿನಲ್ಲಿ ಚಾಲನೆಗೊಂಡರೆ ಹಳೆಯ ಖಾತೆಯ ವಿವರವನ್ನು ತೆಗೆದುಹಾಕುತ್ತದೆ. ಖಾಸಗಿ ಮಾತು ಅಪರಿಚಿತರ ಕೈಗೆ ಹೋಗದಂತೆ ಈ ಅವಧಿಗಳು ತಡೆಯುತ್ತವೆ, ಆದರೆ ನಂಬರ್ ಇನ್ನೂ ಹಳೆಯ ಒಡೆಯರದೇ ಎಂದು ನಂಬಿ ಸಂದೇಶ ಕಳಿಸುವ ಸಂಬಂಧಿಕರನ್ನು ತಡೆಯುವುದಿಲ್ಲ. ನಂಬರ್ ಬದಲಿಸುವಾಗ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ‘ನಂಬರ್ ಬದಲಾಯಿಸಿ’ ಎಂಬ ಆಯ್ಕೆಯನ್ನು ಬಳಸಿದರೆ ಗುಂಪುಗಳು ಹಾಗೆಯೇ ಉಳಿದು, ಆಯ್ದ ಪರಿಚಿತರಿಗೆ ಸೂಚನೆಯೂ ಹೋಗುತ್ತದೆ. ಸಿಮ್ ಬಿಸಾಡಿ ಹೊಸದು ಹಾಕಿಕೊಳ್ಳುವ ರೂಢಿಯಲ್ಲಿ ಈ ಒಂದು ನಿಮಿಷದ ಕೆಲಸ ತಪ್ಪಿಹೋಗಿ, ಊರಿನ ಗುಂಪುಗಳಲ್ಲಿ ಯಾರೆಂದು ತಿಳಿಯದ ನಂಬರುಗಳು ಉಳಿದುಬಿಡುತ್ತವೆ.

ಬಿಟ್ಟ ಹೆಸರಿಗೆ ಬಂದ ಹೊಸಬರು

ಹೆಸರು ಬದಲಿಸಿದವರು ಎಲ್ಲಿ ಹೋದರು ಎಂಬುದರಷ್ಟೇ, ಅವರು ಬಿಟ್ಟ ಹೆಸರಿಗೆ ಯಾರು ಬಂದರು ಎಂಬುದೂ ಮುಖ್ಯ. ಯೂಟ್ಯೂಬ್ ಹಳೆಯ ಹ್ಯಾಂಡಲನ್ನು 14 ದಿನ ತಡೆಹಿಡಿಯುತ್ತದೆ. ಇನ್‌ಸ್ಟಾಗ್ರಾಂ ಕೂಡ ಸಾಮಾನ್ಯವಾಗಿ 14 ದಿನಗಳೊಳಗೆ ಹಿಂದಿನ ಹೆಸರಿಗೆ ಮರಳಲು ಬಿಡುತ್ತದೆ. ಅದಾದ ಮೇಲೆ ಹೆಸರು ಮೊದಲು ಕೇಳಿದವರದು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲಿ ನೇಯ್ದ ಸೀರೆಗಳನ್ನು ಇನ್‌ಸ್ಟಾಗ್ರಾಂನಲ್ಲಿ ತೋರಿಸಿ ಮಾರುವ ಮನೆಯೊಂದು ಚೆಂದದ ಹೊಸ ಹೆಸರಿಗಾಗಿ ಹಳೆಯದನ್ನು ಬಿಟ್ಟುಕೊಟ್ಟಿತು ಎಂದುಕೊಳ್ಳೋಣ. ಸೀರೆಯ ಡಬ್ಬಿ, ಬಿಲ್ ಪುಸ್ತಕ, ಅಂಗಡಿಯ ಫಲಕ, ಗಿರಾಕಿಗಳು ಪರಸ್ಪರ ಕಳಿಸಿಕೊಂಡ ಸ್ಕ್ರೀನ್‌ಶಾಟ್ ಎಲ್ಲದರಲ್ಲಿಯೂ ಹಳೆಯ ಹೆಸರಿರುತ್ತದೆ. ಆ ಹೆಸರನ್ನು ಹಿಡಿದ ಇನ್ನೊಬ್ಬರು ಅದೇ ಸೀರೆಗಳ ಚಿತ್ರ ಹಾಕಿ ಮುಂಗಡ ಹಣ ಕೇಳಿದರೆ ಕೊಡುವವರಿಗೆ ಅನುಮಾನ ಬರಲು ಕಾರಣವೇ ಇಲ್ಲ. ವರ್ಷಗಟ್ಟಲೆ ಗಳಿಸಿದ ನಂಬಿಕೆ ಹೆಸರಿನೊಂದಿಗೆ ಕೈ ಬದಲಾಗುವುದು ಹೀಗೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಹಬ್ಬಿದ ನಿವೇಶನ ವ್ಯಾಪಾರದಲ್ಲಿ ಇದರ ತಿರುಗುಮುರುಗು ಆಗಬಹುದು: ದೂರುಗಳು ಬಂದ ಪೇಜ್ ಹೆಸರು ಬದಲಿಸಿ, ಅದೇ ಸಾವಿರಾರು ಹಿಂಬಾಲಕರೊಂದಿಗೆ ಹೊಸ ಬಡಾವಣೆಯ ಜಾಹೀರಾತು ಹಾಕುವುದಕ್ಕೆ ದೊಡ್ಡ ತಾಂತ್ರಿಕ ಅಡ್ಡಿ ಏನೂ ಇಲ್ಲ. ನಿವೇಶನ ಕೊಳ್ಳುವವರು ಪಹಣಿ, ಇ.ಸಿ. ನೋಡುವ ಅಭ್ಯಾಸಕ್ಕೆ ಪೇಜ್‌ನ ಪಾರದರ್ಶಕತೆ ವಿಭಾಗವನ್ನೂ ಸೇರಿಸಿಕೊಳ್ಳಬೇಕಾದ ಕಾಲ ಇದು.

ಇನ್ನೊಬ್ಬರ ಹೆಸರು ಹೊತ್ತು ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ವಿಧಿಯಡಿ ಮೂರು ವರ್ಷಗಳವರೆಗೆ ಸಜೆಗೆ ಅರ್ಹವಾದ ಅಪರಾಧ. ಹಣ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು. ದೂರಿನಲ್ಲಿ ಯೂಸರ್‌ನೇಮ್ ಬರೆದು ಸುಮ್ಮನಾಗುವವರೇ ಹೆಚ್ಚು, ತನಿಖೆ ಶುರುವಾಗುವ ಹೊತ್ತಿಗೆ ಆ ಹೆಸರು ಇರುವುದಿಲ್ಲ. ಪ್ರೊಫೈಲ್‌ನ ಪೂರ್ತಿ ಲಿಂಕ್, ಒಂದೆರಡು ಪೋಸ್ಟ್‌ಗಳ ಲಿಂಕ್, ದಿನಾಂಕ ಮತ್ತು ವೇಳೆ ಕಾಣುವ ಸ್ಕ್ರೀನ್‌ಶಾಟ್ ಇವುಗಳನ್ನು ತೆಗೆದಿಟ್ಟುಕೊಂಡರೆ, ಆ ದಿನ ಆ ಹೆಸರು ಯಾವ ಸಂಖ್ಯೆಯ ಖಾತೆಯದಾಗಿತ್ತು ಎಂಬುದನ್ನು ಪೊಲೀಸರು ಕಂಪನಿಯಿಂದ ಕೇಳಿ ಪಡೆಯಲು ಆಧಾರವಾಗುತ್ತದೆ.

ಸಾರ್ವಜನಿಕ ಹುದ್ದೆಗಳ ಖಾತೆಗಳಲ್ಲಿ ಹೆಸರಿನ ವಾರಸುದಾರಿಕೆಯ ಪ್ರಶ್ನೆ ದೇಶದ ಗಮನಕ್ಕೆ ಬಂದದ್ದು 2014ರ ಮೇ ತಿಂಗಳಲ್ಲಿ. ಸರ್ಕಾರ ಬದಲಾಗುವ ಹೊತ್ತಿಗೆ ಪ್ರಧಾನ ಮಂತ್ರಿ ಕಚೇರಿಯ ಟ್ವಿಟರ್ ಖಾತೆಯನ್ನು ನಿರ್ಗಮಿಸುತ್ತಿದ್ದ ಸಿಬ್ಬಂದಿ ‘ಆರ್ಕೈವ್’ ಎಂಬ ಪದ ಸೇರಿಸಿ ಬೇರೆ ಹೆಸರಿಗೆ ವರ್ಗಾಯಿಸಿದಾಗ, ಹನ್ನೆರಡು ಲಕ್ಷಕ್ಕೂ ಮಿಕ್ಕ ಹಿಂಬಾಲಕರು ಹಳೆಯ ದಾಖಲೆಯೊಂದಿಗೆ ಹೋದರು. ಅಧಿಕಾರಕ್ಕೆ ಬರುತ್ತಿದ್ದ ಪಕ್ಷ ಇದನ್ನು ಕಟುವಾಗಿ ಆಕ್ಷೇಪಿಸಿತು. ಕೊನೆಗೆ ಮೂಲ ಹೆಸರು ಹೊಸ ಸರ್ಕಾರದ ಬಳಕೆಗೆ ಬಂತು. ಹಿಂದಿನವರು ಆಡಿದ ಮಾತು ಅವರ ಹೆಸರಿನಲ್ಲಿ ಭದ್ರವಾಗಿರಬೇಕು ಎಂಬ ವಾದದಲ್ಲಿಯೂ ಹುರುಳಿತ್ತು, ಖಾತೆ ಹುದ್ದೆಗೆ ಸೇರಿದ್ದು ಎಂಬ ವಾದದಲ್ಲಿಯೂ ಹುರುಳಿತ್ತು; ಇಲ್ಲದೆ ಹೋದದ್ದು ಮೊದಲೇ ಬರೆದಿಟ್ಟ ನಿಯಮ. ಅಮೆರಿಕದಲ್ಲಿ 2017ರ ಜನವರಿಯಲ್ಲಿ ಇದೇ ಸನ್ನಿವೇಶ ಬಂದಾಗ, ಬರಾಕ್ ಒಬಾಮ ಅವರ ಕಾಲದ ಪೋಸ್ಟ್‌ಗಳನ್ನು 44 ಎಂಬ ಅಂಕಿ ಸೇರಿಸಿದ ಪ್ರತ್ಯೇಕ ಖಾತೆಗೆ ಸಾಗಿಸಿ ರಾಷ್ಟ್ರೀಯ ಪತ್ರಾಗಾರದ ವಶಕ್ಕೆ ಕೊಟ್ಟು, ಹುದ್ದೆಯ ಹೆಸರನ್ನು ಮುಂದಿನ ಅಧ್ಯಕ್ಷರಿಗೆ ಬಿಟ್ಟರು. ಎರಡು ವಾದಗಳಿಗೂ ಅಲ್ಲಿ ಜಾಗ ಸಿಕ್ಕಿತು.

ಸಿಗದೆ ಇರುವ ಹಕ್ಕು

ಇಲ್ಲಿಯವರೆಗಿನ ಮಾತೆಲ್ಲ ಹುಡುಕುವವರ ಪಕ್ಷದ್ದು. ಆದರೆ ಯೂಸರ್‌ನೇಮ್ ಬದಲಿಸುವವರಲ್ಲಿ ಒಂದು ವರ್ಗದವರು ಅದನ್ನು ಮಾಡುವುದೇ ಸಿಗಬಾರದೆಂದು. ಮುರಿದ ಸಂಬಂಧದ ಬಳಿಕ ಬೆನ್ನು ಬಿಡದವನಿಂದ ತಪ್ಪಿಸಿಕೊಳ್ಳಲು, ಒಪ್ಪಿಗೆಯಿಲ್ಲದೆ ಹರಿದಾಡಿದ ಚಿತ್ರದಿಂದ ದೂರವಾಗಲು, ಜಾತಿ ಮೀರಿ ಮದುವೆಯಾಗಿ ಮನೆಯವರ ಕಣ್ಣಿಗೆ ಬೀಳದೆ ಬದುಕಲು, ಹುಟ್ಟಿದಾಗ ಇಟ್ಟ ಹೆಸರನ್ನೂ ಲಿಂಗವನ್ನೂ ಬಿಟ್ಟು ತಮ್ಮದೆಂದು ಒಪ್ಪಿಕೊಂಡ ಹೆಸರಿನಲ್ಲಿ ಕಾಣಿಸಿಕೊಳ್ಳಲು ಹೊರಟವರಿಗೆ ಹಳೆಯ ಹೆಸರಿನ ಜಾಡು ಅಪಾಯಕಾರಿ. ಇಂಥವರಿಗೆ ಎಲ್ಲರೂ ನೋಡಬಹುದಾದ ಎಂ.ಆರ್. ಬೇಕೆಂದು ಕೇಳುವುದು ಅನ್ಯಾಯ. ಇನ್‌ಸ್ಟಾಗ್ರಾಂ ಮತ್ತು ಎಕ್ಸ್ ಹಳೆಯ ಹೆಸರುಗಳನ್ನು ತೋರಿಸದೆ ಬದಲಾವಣೆಯ ಲೆಕ್ಕವನ್ನು ಮಾತ್ರ ತೋರಿಸುವುದನ್ನು ಈ ಕಾರಣಕ್ಕೆ ಒಪ್ಪಬೇಕಾಗುತ್ತದೆ. ಹಳೆಯ ಹೆಸರು ಕೊಟ್ಟರೆ ಹೊಸದನ್ನು ಹೇಳುತ್ತೇವೆಂದು ಹಣ ಕೇಳುವ ಸೇವೆಗಳಿಂದ ದೂರವಿರುವುದು ಒಳ್ಳೆಯದು; ಅವು ಹೇಳುವುದು ನಿಜವಾಗಿರುವ ಭರವಸೆಯಿಲ್ಲ, ನಿಜವಾದರೆ ಅದು ಇನ್ನೂ ಕೆಟ್ಟದ್ದು.

ಕರ್ನಾಟಕ ಹೈಕೋರ್ಟ್ ಈ ವಿಷಯದಲ್ಲಿ ದೇಶದಲ್ಲಿಯೇ ಮೊದಮೊದಲ ನ್ಯಾಯಾಲಯಗಳಲ್ಲಿ ಒಂದಾಗಿ ಮಾತನಾಡಿದೆ. 2017ರ ಜನವರಿಯಲ್ಲಿ ತಂದೆಯೊಬ್ಬರು, ರಾಜಿಯಾಗಿ ಮುಗಿದ ಪ್ರಕರಣದ ಆದೇಶದಲ್ಲಿ ತಮ್ಮ ಮಗಳ ಹೆಸರಿರುವುದು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ಮಾಡಬೇಕೆಂದು ಕೋರಿದಾಗ, ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರ ಪೀಠ, ಸಾರ್ವಜನಿಕ ಹುಡುಕಾಟದಲ್ಲಿ ಆ ಹೆಸರು ಬರದಂತೆ ನೋಡಿಕೊಳ್ಳಲು ನ್ಯಾಯಾಲಯದ ಕಚೇರಿಗೆ ಸೂಚಿಸಿತು. ಆದರೆ ಆದೇಶದ ದೃಢೀಕೃತ ಪ್ರತಿಯನ್ನು ಕೇಳಿದವರಿಗೆ ಹೆಸರು ಇರುವಂತೆಯೇ ಕೊಡಬೇಕಾಗುತ್ತದೆ ಎಂದೂ ಸ್ಪಷ್ಟಪಡಿಸಿತು. ಮೂಲ ದಾಖಲೆಯನ್ನು ತಿದ್ದದೆ, ದಾರಿಹೋಕರ ಕೈಗೆ ಅದು ಸಿಗದಂತೆ ಮಾಡುವ ಈ ವಿವೇಕ ಜಾಲತಾಣಗಳಿಗೂ ಮಾದರಿ. 2024ರ ಡಿಸೆಂಬರ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಜನನ ಪ್ರಮಾಣಪತ್ರದ ವಿಷಯದಲ್ಲಿ ಅದೇ ನ್ಯಾಯಾಲಯ, ಕಾನೂನಿಗೆ ಸೂಕ್ತ ತಿದ್ದುಪಡಿ ಬರುವ ತನಕ ಹಿಂದಿನ ಮತ್ತು ಪರಿಷ್ಕೃತ ಹೆಸರುಗಳೆರಡನ್ನೂ ನಮೂದಿಸಿ ಪ್ರಮಾಣಪತ್ರ ಕೊಡುವಂತೆ ನಿರ್ದೇಶಿಸಿತು. ಗುರುತಿನ ಮುಂದುವರಿಕೆ ಮತ್ತು ವ್ಯಕ್ತಿಯ ಘನತೆ ಎರಡನ್ನೂ ಕಾಯುವುದು ಎಷ್ಟು ಸೂಕ್ಷ್ಮವಾದ ಕೆಲಸ ಎಂಬುದು ಈ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ತಿಳಿಯುತ್ತದೆ. ಸಂಸತ್ತು 2023ರಲ್ಲಿ ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯೊಬ್ಬರು ತಮ್ಮ ವಿವರವನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಹೇಳುತ್ತದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂಥವು.

ಹಾಗಾದರೆ ಕಳೆದುಹೋದ ಗೆಳೆಯನನ್ನು ಹುಡುಕಬಾರದೇ? ಖಂಡಿತ ಹುಡುಕಬಹುದು, ಆದರೆ ಬಾಗಿಲು ತಟ್ಟುವುದಕ್ಕೂ ಕಿಟಕಿಯಿಂದ ಇಣುಕುವುದಕ್ಕೂ ಇರುವ ಭೇದವನ್ನು ಅರಿತು. ಇಬ್ಬರಿಗೂ ಪರಿಚಯವಿರುವವರ ಬಳಿ ಹೊಸ ಐಡಿ ಕೇಳುವ ಬದಲು ತನ್ನ ನಂಬರನ್ನು ಕೊಟ್ಟು, ‘ಅವನಿಗೆ ಇಷ್ಟವಿದ್ದರೆ ಒಂದು ಕರೆ ಮಾಡಲು ಹೇಳಪ್ಪ’ ಎಂದು ಹೇಳಿ ಕಳಿಸುವುದು ಹಳೆಯ ಕಾಲದ ಮರ್ಯಾದೆ. ಅದು ಈಗಲೂ ಅತ್ಯಂತ ಫಲಕಾರಿಯಾದ ವಿಧಾನ. ಶಾಲೆಯ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ತನ್ನ ತಂಡದ ವರ್ಷ, ಊರು, ವಿಭಾಗ ಬರೆದು ತಾನೇ ಕಾಣಿಸಿಕೊಂಡರೆ, ಸಿಗಬೇಕೆನ್ನುವವರು ತಾವಾಗಿ ಬರುತ್ತಾರೆ. ಅನುಸರಣೆಯ ಪಟ್ಟಿಯಿಂದ ತೆಗೆದುಹಾಕಿ, ಬ್ಲಾಕ್ ಮಾಡಿ, ಆಮೇಲೆ ಹೆಸರು ಬದಲಿಸಿದವರು ತಮ್ಮ ಉತ್ತರವನ್ನು ಆಗಲೇ ಕೊಟ್ಟಾಗಿದೆ. ಅಂಥವರ ಹೊಸ ಖಾತೆಯನ್ನು ಇನ್ನೊಬ್ಬರ ಫೋನಿನಿಂದ ಹುಡುಕಿ ಮತ್ತೆ ಮತ್ತೆ ಸಂಪರ್ಕಿಸುವುದು, ಪುರುಷನೊಬ್ಬ ಅದನ್ನು ಮಹಿಳೆಯ ವಿಷಯದಲ್ಲಿ ಮಾಡಿದರೆ, ಬೆನ್ನಟ್ಟುವಿಕೆಯ ಅಪರಾಧವಾಗಿ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ವ್ಯಾಪ್ತಿಗೆ ಬರುತ್ತದೆ.

ವ್ಯಕ್ತಿಗೆ ಇರುವ ಈ ರಕ್ಷಣೆಯನ್ನು ಕಚೇರಿಗಳು ಕೇಳುವಂತಿಲ್ಲ. ತಹಶೀಲ್ದಾರರ ಕಚೇರಿಗೆ, ನಗರಸಭೆಗೆ, ಪೊಲೀಸ್ ಠಾಣೆಗೆ ಮರೆಯಾಗುವ ಹಕ್ಕಿಲ್ಲ, ಏಕೆಂದರೆ ಅವು ಹೆಸರು ಬದಲಿಸಿದಾಗ ಕಳೆದುಹೋಗುವುದು ಜನರ ಅಹವಾಲು ಮತ್ತು ಅದಕ್ಕೆ ಕೊಟ್ಟ ಉತ್ತರ. ಹೊಂಡ ಬಿದ್ದ ರಸ್ತೆಯ ಫೋಟೊ ಹಾಕಿ ಇಲಾಖೆಯನ್ನು ಹೆಸರಿಸಿ ಕರೆದ ನೆಲಮಂಗಲದ ನಿವಾಸಿಯ ಪೋಸ್ಟ್, ಆ ಹೆಸರು ಇಲ್ಲವಾದ ಮರುದಿನ ಯಾರನ್ನೂ ತಲುಪದ ಮಾತಾಗುತ್ತದೆ. ಸರ್ಕಾರದೊಳಗೆ ಇದಕ್ಕೆ ಬೇಕಾದ ಶಿಸ್ತು ಈಗಾಗಲೇ ಇದೆ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಒಂದೊಂದು ಸಂಖ್ಯೆಯಿದೆ, ಯೋಜನೆಗಳ ಲೆಕ್ಕ ನಡೆಯುವುದು ಆ ಸಂಖ್ಯೆಯ ಮೇಲೆ. ಅಂಚೆಯವರ ದೃಷ್ಟಿಯಲ್ಲಿ ದೊಡ್ಡಬಳ್ಳಾಪುರ 561203, ಹೊಸಕೋಟೆ 562114. ಜಿಲ್ಲೆಯ ಹೆಸರು ಏನೇ ಆದರೂ ಕಾಗದ ಬಂದು ಸೇರುತ್ತದೆ. ಈ ಶಿಸ್ತು ಜಾಲತಾಣದ ಖಾತೆಗಳಿಗೆ ಇನ್ನೂ ಹರಡಬೇಕಾಗಿದೆ.

ಬೆಂಗಳೂರು ಉತ್ತರ ಎಂಬ ಹೆಸರು ಫಲಕಗಳ ಮೇಲೆ ಬರುವ ಹೊತ್ತಿಗೆ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಜಿಲ್ಲಾಡಳಿತ ಭವನದಿಂದ ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ಹೊಸ ಹೆಸರಿಗೆಂದು ಹೊಸ ಖಾತೆ ತೆರೆಯದೆ ಇರುವ ಖಾತೆಯ ಹೆಸರನ್ನೇ ಬದಲಿಸಿದರೆ ಹಿಂಬಾಲಕರೂ ಹಳೆಯ ಉತ್ತರಗಳೂ ಸಂಖ್ಯೆಯೊಂದಿಗೆ ಬರುತ್ತವೆ. ಬಿಟ್ಟ ಯೂಸರ್‌ನೇಮನ್ನು ತಾಣದ ನಿಯಮ ಬಿಟ್ಟ ಕೂಡಲೇ ಕಚೇರಿಯದೇ ಇನ್ನೊಂದು ಖಾತೆಗೆ ತೆಗೆದುಕೊಂಡು, ಅದರಲ್ಲಿ ಹೊಸ ವಿಳಾಸವನ್ನು ತೋರಿಸುವ ಒಂದೇ ಪೋಸ್ಟ್ ಹಾಕಿ ಬಿಟ್ಟರೆ ಅಪರಿಚಿತರು ಆ ಜಾಗಕ್ಕೆ ಬರಲಾರರು. ಪರಿಚಯದ ಸಾಲಿನಲ್ಲಿ ‘ಹಿಂದಿನ ಬೆಂಗಳೂರು ಗ್ರಾಮಾಂತರ’ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಬೇಕು, ಏಕೆಂದರೆ ಹುಡುಕುವವರು ಬಹುಕಾಲ ಹಳೆಯ ಹೆಸರನ್ನೇ ಟೈಪ್ ಮಾಡುತ್ತಾರೆ. ನಾಲ್ಕು ತಾಲ್ಲೂಕುಗಳ ಎಲ್ಲ ಕಚೇರಿಗಳ ಹಳೆಯ ಮತ್ತು ಹೊಸ ಖಾತೆಗಳ ಹೆಸರು, ಬದಲಾದ ದಿನಾಂಕ, ಅಧಿಕೃತ ಲಿಂಕ್ ಇರುವ ಒಂದು ಪಟ್ಟಿಯನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಪ್ರಕಟಿಸಿ, ಅದರ ಮುದ್ರಿತ ಪ್ರತಿಯನ್ನು ಗ್ರಾಮ ಪಂಚಾಯಿತಿಗಳ ಮತ್ತು ನಾಡಕಚೇರಿಗಳ ಸೂಚನಾ ಫಲಕಕ್ಕೆ ಹಾಕಿಸಬೇಕು. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ. ಜಿಲ್ಲಾಧಿಕಾರಿಗಳ ಸಹಿಯಿರುವ ಒಂದು ಸುತ್ತೋಲೆ ಸಾಕು, ಮತ್ತು ಅದು ಹೊರಡಬೇಕಾದದ್ದು ಖಾತೆಗಳ ಹೆಸರು ಬದಲಾಗುವುದಕ್ಕೆ ಮೊದಲು.